ಶನಿವಾರ ಆ ಮೈದಾನದಲ್ಲಿ ನಿನಗೇನು ಕೆಲಸ?

ಪ್ರಶ್ನೆ ಮೊದಲು ಕೇಳಿದ್ದು ಅಮ್ಮ. ಜೂನ್ ತಿಂಗಳ ಒಂದು ಶನಿವಾರ ವಿಡಿಯೊ ಕರೆ ಮಾಡಿದಾಗ ನಾನು ಎರಡು ಸ್ವೆಟರ್, ಒಂದು ಮಳೆಯಂಗಿ ತೊಟ್ಟು ಫುಟ್‌ಬಾಲ್ ಮೈದಾನದ ತಗಡಿನ ಗೂಡೊಂದರಲ್ಲಿ ನಿಂತಿದ್ದೆ. "ಅಲ್ಲವೋ, ಆ ಚಳಿಯಲ್ಲಿ ಇಡೀ ದಿನ ನಿಂತು ನಿನಗೆ ಸಿಗುವುದೇನು? ಯಾರು ಗೆದ್ದರೆ ನಿನಗೇನು?" ಆಮೇಲೆ ಇದೇ ಪ್ರಶ್ನೆಯನ್ನು ಮೆಲ್ಬರ್ನ್‌ನ ಕನ್ನಡದ ಗೆಳೆಯರು, ಊರಿಗೆ ಹೋದಾಗ ಮಾವಂದಿರು, ಕೊನೆಗೆ ನನ್ನ ಹೆಂಡತಿಯೂ ಕೇಳಿದ್ದಾಗಿದೆ. ಪ್ರತಿ ಸಲ ನಕ್ಕು ಜಾರಿಕೊಂಡಿದ್ದೇನೆ. ಇವತ್ತು ಕುಳಿತು ಬರೆಯುತ್ತಿದ್ದೇನೆ.

ನಾನಿರುವುದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಹಾರ್ಶಮ್‌ನಲ್ಲಿ, ಮೆಲ್ಬರ್ನ್‌ನಿಂದ ವಾಯವ್ಯಕ್ಕೆ ಸುಮಾರು 300 ಕಿಲೋಮೀಟರ್. ಔಷಧಿ ಅಂಗಡಿಯಲ್ಲಿ ಕೆಲಸ. ಸುತ್ತಲೂ ವಿಮೆರಾ ಬಯಲು: ಗೋಧಿ, ಬಾರ್ಲಿ, ಕಡಲೆ, ಚನ್ನಂಗಿ ಬೇಳೆ. ಚಳಿಗಾಲ ಬಂದರೆ ಈ ಬಯಲಿನ ಪುಟ್ಟ ಪುಟ್ಟ ಊರುಗಳೆಲ್ಲ ಹಾರ್ಶಮ್ ಜಿಲ್ಲಾ ಲೀಗ್‌ನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಹುಡುಗರಿಗೆ ಫುಟ್‌ಬಾಲ್, ಹುಡುಗಿಯರಿಗೆ ಪಕ್ಕದ ಅಂಕಣದಲ್ಲಿ ನೆಟ್‌ಬಾಲ್, ಎರಡಕ್ಕೂ ಒಂದೇ ಕ್ಲಬ್. ಟಿವಿಯಲ್ಲಿ ಕಾಣುವ ದೊಡ್ಡ ಲೀಗ್ ಬೇರೆ, ಇದು ಬೇರೆ. ಇಲ್ಲಿ ಆಡುವವನು ಸೋಮವಾರ ಟ್ರ್ಯಾಕ್ಟರ್ ಮೇಲೋ ಶಾಲೆಯಲ್ಲೋ ಇರುತ್ತಾನೆ.

ಆಟದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಇದು ನಾವು ಬಲ್ಲ ಫುಟ್‌ಬಾಲ್ ಅಲ್ಲ, ರಗ್ಬಿಯೂ ಅಲ್ಲ, ಆಸ್ಟ್ರೇಲಿಯನ್ ಫುಟ್‌ಬಾಲ್. ಕ್ರಿಕೆಟ್ ಮೈದಾನದ ಮೇಲೆ, ತಂಡಕ್ಕೆ 18 ಜನರಂತೆ ಆಡುತ್ತಾರೆ. ಚೆಂಡು ಮೊಟ್ಟೆಯಾಕಾರ. ಎರಡು ತುದಿಯಲ್ಲೂ ನಾಲ್ಕು ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಒದ್ದರೆ ಗೋಲು, ಆರು ಅಂಕ. ಸ್ವಲ್ಪ ತಪ್ಪಿ ಪಕ್ಕದ ಕಂಬದ ಒಳಗೆ ಹೋದರೆ ಬಿಹೈಂಡ್, ಒಂದು ಅಂಕ. ಗುರಿ ತಪ್ಪಿದ್ದಕ್ಕೂ ಅಂಕ ಕೊಡುವ ಈ ಔದಾರ್ಯ ನನಗೆ ಬಹಳ ಇಷ್ಟ.

ಕ್ರಿಕೆಟ್ ಮೈದಾನದಲ್ಲೇ ಯಾಕೆ ಎಂದರೆ, ಆಟ ಹುಟ್ಟಿದ್ದೇ ಕ್ರಿಕೆಟಿಗರಿಗಾಗಿ. ಚಳಿಗಾಲದಲ್ಲಿ ಆಟಗಾರರ ಮೈ ಜಡ್ಡುಗಟ್ಟಬಾರದು, ಫುಟ್‌ಬಾಲ್ ಕ್ಲಬ್ಬೊಂದು ಬೇಕು ಎಂದು ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ 1858ರಲ್ಲಿ ಪತ್ರಿಕೆಗೆ ಬರೆದ. ಮರುವರ್ಷ ಅವನೂ ಕೆಲವು ಜೊತೆಗಾರರೂ ಕೂತು ನಿಯಮ ಬರೆದರು. ಇದೇ ವಿಲ್ಸ್ 1866ರಲ್ಲಿ ನಮ್ಮ ಲೀಗ್‌ನ ಈಡನ್‌ಹೋಪ್ ಊರಿಗೆ ಬಂದು ಮೂಲನಿವಾಸಿಗಳ ಕ್ರಿಕೆಟ್ ತಂಡಕ್ಕೆ ತರಬೇತಿ ಕೊಟ್ಟ. ಆ ಆಟಗಾರರಲ್ಲಿ ಹಲವರು 1868ರಲ್ಲಿ ಇಂಗ್ಲೆಂಡ್‌ಗೆ ಹೋಗಿ ಆಡಿದರು. ಅವರಲ್ಲಿ ಹೆಸರುವಾಸಿಯಾದ ಜಾನಿ ಮುಲ್ಲಾನ ಸಮಾಧಿ ನಮ್ಮ ಲೀಗ್‌ನದೇ ಇನ್ನೊಂದು ಊರಾದ ಹ್ಯಾರೋದಲ್ಲಿದೆ. ಹ್ಯಾರೋಗೆ ಆಟ ನೋಡಲು ಹೋದಾಗ ಒಮ್ಮೆ ಹುಡುಕಿಕೊಂಡು ಹೋಗಿ ನಿಂತು ಬಂದೆ. ಕ್ರಿಕೆಟ್ ಬಿಟ್ಟು ಇದೆಂಥ ಆಟ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: ಬಿಟ್ಟಿಲ್ಲ, ಅದರ ತಮ್ಮನ ಮನೆಗೆ ಹೋಗುತ್ತಿದ್ದೇನೆ.

ಇನ್ನು ನಾನು ಆ ಗೂಡಿನೊಳಗೆ ಸೇರಿದ್ದು ಹೇಗೆ ಎಂಬುದು.

2018ರಲ್ಲಿ ಈ ಊರಿಗೆ ಬಂದ ಹೊಸತು. ಅಂಗಡಿಗೆ ರಕ್ತದೊತ್ತಡದ ಮಾತ್ರೆಗೆ ಬರುತ್ತಿದ್ದ ವಯಸ್ಸಾದ ರೈತನೊಬ್ಬ ನನ್ನ ಅಂಗಿಯ ಮೇಲಿನ ಹೆಸರಿನ ಪಟ್ಟಿ ಓದಿ, ಭಾರತದವನೇ ಎಂದು ವಿಚಾರಿಸಿ, "ಹಾಗಾದರೆ ಹೇಳು, ನಿಮ್ಮ ಸರ್ಕಾರ ನಮ್ಮ ಕಡಲೆಯ ಮೇಲೆ ತೆರಿಗೆ ಹಾಕಿದ್ದು ಯಾಕೆ?" ಎಂದ. 2017ರ ಡಿಸೆಂಬರ್‌ನಲ್ಲಿ ಭಾರತ ಕಡಲೆ ಮತ್ತು ಚನ್ನಂಗಿ ಬೇಳೆಯ ಆಮದಿಗೆ ಶೇ 30 ಸುಂಕ ಹಾಕಿತ್ತು. ದೆಹಲಿಯ ಪರವಾಗಿ ಉತ್ತರ ಕೊಡಬೇಕಾದ ಸ್ಥಿತಿ ನನ್ನದು! ನಮ್ಮ ಕಡೆಯ ರೈತರಿಗೂ ಬೆಲೆ ಬಿದ್ದಿತ್ತು ಎಂದು ತಡವರಿಸಿದೆ. ಆತ ಸ್ವಲ್ಪ ಹೊತ್ತು ಯೋಚಿಸಿ, "ಸರಿ, ಲೆಕ್ಕ ಬರುತ್ತದೆಯೇ?" ಎಂದು ಕೇಳಿದ. ಔಷಧಿ ಎಣಿಸುವವನಿಗೆ ಕೇಳುವ ಪ್ರಶ್ನೆಯೇ? ಬರುತ್ತದೆ ಎಂದೆ. "ಶನಿವಾರ ಹನ್ನೊಂದಕ್ಕೆ ಬಾ. ಸ್ಕೋರ್‌ಬೋರ್ಡ್‌ಗೆ ಜನ ಇಲ್ಲ."

ನಮ್ಮ ಸ್ಕೋರ್‌ಬೋರ್ಡ್ ಎಂದರೆ ಕಂಬಗಳ ಮೇಲೆ ನಿಲ್ಲಿಸಿದ ತಗಡಿನ ಗೂಡು. ಹಿಂದೆ ಏಣಿ, ಮುಂದೆ ಸಾಲಾಗಿ ಮೊಳೆಗಳು. ಅಂಕಿ ಬರೆದ ತಗಡುಗಳನ್ನು ಕಿಟಕಿಯಿಂದ ಕೈ ಚಾಚಿ ಮೊಳೆಗೆ ನೇತುಹಾಕಬೇಕು: ಮೊದಲು ಗೋಲು, ಆಮೇಲೆ ಬಿಹೈಂಡ್, ಕೊನೆಗೆ ಒಟ್ಟು ಅಂಕ. ಗಾಳಿ ಬಂದರೆ ತಗಡುಗಳು ಮೊಳೆಯ ಮೇಲೆ ಕುಣಿದು ಗಲಗಲ ಎನ್ನುತ್ತವೆ. ಬಿಳಿ ಕೋಟಿನ ಗೋಲ್ ಅಂಪೈರ್ ಎರಡು ಬಾವುಟ ಬೀಸಿದರೆ ಗೋಲು, ಒಂದೇ ಬೀಸಿದರೆ ಬಿಹೈಂಡ್. ಅಷ್ಟೇ ಕೆಲಸ. ಆರರ ಮಗ್ಗಿ ಬಂದರೆ ಸಾಕು.

ಮೂರನೆಯ ವಾರ ನನಗೆ ಅದೂ ಬರಲಿಲ್ಲ. ನಮ್ಮವರದು 8 ಗೋಲು, 5 ಬಿಹೈಂಡ್. ಅಂದರೆ 53. ಬೆರಳು ಮರಗಟ್ಟಿದ್ದವೋ ತಲೆ ಮರಗಟ್ಟಿತ್ತೋ, 51 ನೇತುಹಾಕಿದೆ. ಎದುರಾಳಿಗಳದು 52. ಇಲ್ಲಿ ಜನ ಮೈದಾನದ ಅಂಚಿಗೆ ಮುಖ ಮಾಡಿ ಕಾರು ನಿಲ್ಲಿಸಿ ಒಳಗೇ ಕೂತು ನೋಡುತ್ತಾರೆ, ಗೋಲಾದರೆ ಚಪ್ಪಾಳೆಯ ಬದಲು ಹಾರ್ನ್. ಒಂದು ಅಂಕದಿಂದ ಮುಂದಿದ್ದೇವೆಂದು ಎದುರಾಳಿ ಊರಿನ ಕಾರುಗಳೆಲ್ಲ ಒಟ್ಟಿಗೆ ಹಾರ್ನ್ ಬಾರಿಸಿದವು. ಚೆಂಡು ಎಲ್ಲೋ ಇತ್ತು, ಸಂಭ್ರಮ ಎಲ್ಲೋ ಇತ್ತು. ನಿಜವಾದ ಲೆಕ್ಕ ಇಬ್ಬರು ಗೋಲ್ ಅಂಪೈರ್‌ಗಳ ಚೀಟಿಯಲ್ಲಿರುತ್ತದೆ, ಹಾಗಾಗಿ ಅನಾಹುತವಾಗಲಿಲ್ಲ. ಕಡಲೆಯ ಅಜ್ಜ ಏಣಿ ಹತ್ತಿ ಬಂದು ಒಂದು ಮಾತೂ ಆಡದೆ 1 ತೆಗೆದು 3 ಹಾಕಿ ಇಳಿದು ಹೋದ. ಮುಂದಿನ ವಾರದ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರು ಹಾಗೇ ಇತ್ತು. ಅವತ್ತೇ ನಾನು ಆ ಕ್ಲಬ್ಬಿನವನಾದೆ ಎಂದು ನನ್ನ ಎಣಿಕೆ.

ಆ ಪಟ್ಟಿಯನ್ನು ಒಮ್ಮೆ ನೋಡಬೇಕು. ಬಾಗಿಲಲ್ಲಿ ಟಿಕೆಟ್ ಹಣ ತೆಗೆದುಕೊಳ್ಳುವವರು, ಕ್ಯಾಂಟೀನಿನಲ್ಲಿ ಪೈ ಬಿಸಿ ಮಾಡುವವರು, ಹುಡುಗರ ಮಂಡಿಗೆ ಪಟ್ಟಿ ಸುತ್ತುವವರು, ನೀರು ಒಯ್ಯುವವರು, ಗಂಟೆ ಬಾರಿಸುವವರು, ಅಂಗಿ ಒಗೆಯುವವರು. ನಮ್ಮೂರಿನ ತೇರಿನಲ್ಲಿ ಹಗ್ಗ ಯಾವ ಮನೆಯವರದು, ಪಾನಕ ಯಾವ ಮನೆಯವರದು ಎಂದು ಗೊತ್ತಿರುತ್ತದಲ್ಲ, ಹಾಗೆ. ಮೈದಾನದಲ್ಲಿ ಓಡುವವರು ಸಿಗುತ್ತಾರೆ. ಹಣ ಕೊಟ್ಟು ಹೊರಗಿನಿಂದ ಕರೆಸುವುದೂ ಉಂಟು. ಅದು ಮಿತಿ ಮೀರದಿರಲೆಂದು ಒಬ್ಬೊಬ್ಬ ಆಟಗಾರನಿಗೆ ಇಷ್ಟು ಪಾಯಿಂಟ್, ತಂಡಕ್ಕೆ ಒಟ್ಟು ಇಷ್ಟೇ ಎಂಬ ಲೆಕ್ಕ, ಕ್ಲಬ್ಬಿಗೆ ಸಂಬಳದ ಮಿತಿ ಇಟ್ಟಿದ್ದಾರೆ. ಹಣದ ಆಟಗಾರರು ನನಗೆ ಅಷ್ಟೇನೂ ಹಿಡಿಸುವುದಿಲ್ಲ, ಆಟ ಮುಗಿದ ಮೇಲೆ ಕುರ್ಚಿ ಎತ್ತಿಡಲು ನಿಲ್ಲುವುದಿಲ್ಲ. ಅಂಗಿ ಒಗೆಯುವವರನ್ನಂತೂ ಯಾರೂ ಹಣ ಕೊಟ್ಟು ಕರೆಸುವುದಿಲ್ಲ.

ಜನ ಸಾಲದೆ ಹೋದರೆ ಏನಾಗುತ್ತದೆ ಎಂಬುದು ಇಲ್ಲಿನ ತಂಡಗಳ ಹೆಸರಿನಲ್ಲೇ ಬರೆದಿದೆ. ಈಡನ್‌ಹೋಪ್-ಆಪ್ಸ್ಲಿ. ಹ್ಯಾರೋ-ಬಾಲ್ಮೋರಲ್. ನೊರಾಜುವಾ-ಕ್ವಾಂಟಾಂಗ್. ಜೆಪರಿಟ್-ರೇನ್‌ಬೋ. ಆ ಅಡ್ಡಗೆರೆಯ ಎರಡೂ ಕಡೆ ಒಂದು ಕಾಲಕ್ಕೆ ಒಂದೊಂದು ಪೂರ್ತಿ ತಂಡವಿತ್ತು, ಒಬ್ಬರಿಗೊಬ್ಬರು ಹಲ್ಲು ಕಡಿಯುತ್ತಿದ್ದರು. ಜಮೀನು ದೊಡ್ಡದಾಯಿತು, ಯಂತ್ರ ದೊಡ್ಡದಾಯಿತು, ನಾಲ್ಕು ಮನೆ ಬೇಕಿದ್ದ ಕಡೆ ಒಂದು ಸಾಕಾಯಿತು. ಓದಲು ಮೆಲ್ಬರ್ನ್‌ಗೋ ಬಲ್ಲಾರಟ್‌ಗೋ ಹೋದ ಮಕ್ಕಳು ತಿರುಗಿ ಬರಲಿಲ್ಲ. ಉತ್ತರದ ಮ್ಯಾಲಿ ಸೀಮೆಯಲ್ಲಿ ಟೆಂಪಿ-ಗೋರ್ಯಾ-ಪ್ಯಾಚೆವೊಲಾಕ್ ಎಂಬ ಮೂರು ಊರಿನ ತಂಡವೇ ಇತ್ತು. ಅವರು ಆಡುತ್ತಿದ್ದ ಮ್ಯಾಲಿ ಲೀಗ್ 2015ರ ಋತುವಿನ ನಂತರ ಬಾಗಿಲು ಹಾಕಿತು.

ರುಪನ್ಯಪ್ ಎಂಬ ಊರಿನಲ್ಲಿ ಧಾನ್ಯ ತುಂಬುವ ಎರಡು ಉಕ್ಕಿನ ಕಣಜಗಳಿವೆ. ಅವುಗಳ ಮೇಲೆ ಯೂಲಿಯಾ ವೋಲ್ಚ್ಕೋವಾ ಎಂಬ ರಷ್ಯಾದ ಕಲಾವಿದೆ 2017ರಲ್ಲಿ ಊರಿನ ಒಬ್ಬ ಹುಡುಗಿ, ಒಬ್ಬ ಹುಡುಗನ ಮುಖ ಬಿಡಿಸಿದ್ದಾಳೆ, ಕಪ್ಪು ಬಿಳುಪಿನಲ್ಲಿ. ಹುಡುಗಿ ನೆಟ್‌ಬಾಲ್ ಉಡುಪಿನಲ್ಲಿ, ಹುಡುಗ ಫುಟ್‌ಬಾಲ್ ಅಂಗಿಯಲ್ಲಿ. ಮೊದಲ ಸಲ ನೋಡಿದಾಗ, ಯಾರೋ ಗೆದ್ದು ಹೆಸರು ಮಾಡಿದವರಿರಬೇಕು ಎಂದುಕೊಂಡಿದ್ದೆ. ಪಕ್ಕದಲ್ಲಿದ್ದವರನ್ನು ಕೇಳಿದರೆ, "ಇಲ್ಲ, ಇಲ್ಲೇ ಆಡುವವರು" ಎಂದರು.

ಅಮ್ಮನಿಗೆ ಇಷ್ಟೆಲ್ಲ ಹೇಳಿದ್ದೇನೆ. ಕಿವಿಗೆ ಟೋಪಿ ಎಳೆದುಕೋ ಎಂದಳು. ಬರುವ ಶನಿವಾರ ನಮ್ಮ ಮೈದಾನದಲ್ಲೇ ಆಟ. ಹೋದ ಸಲದ ಗಾಳಿಗೆ 9ರ ತಗಡು ಹಾರಿಹೋಗಿ ಯಾರದೋ ಗೋಧಿ ಹೊಲ ಸೇರಿದೆ. ಸಿಗುವ ತನಕ 6ನ್ನೇ ತಲೆಕೆಳಗಾಗಿ ತೂಗುಹಾಕಬೇಕು, ಅದಕ್ಕೆ ಕೆಳಗಿನ ಅಂಚಿನಲ್ಲೂ ಒಂದು ತೂತು ಕೊರೆಯಬೇಕು. ಡ್ರಿಲ್ ತರುತ್ತೇನೆಂದು ಅಜ್ಜನಿಗೆ ಮಾತು ಕೊಟ್ಟಿದ್ದೇನೆ.