ನಮ್ಮೂರ ಹಾಡಿಗೊಂದು ಪುಟ ಯಾಕಿಲ್ಲ?

ನಾನು ಕನ್ನಡ ವಿಕಿಪೀಡಿಯಾಕ್ಕೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ನಮ್ಮ ಗದಗ ಕಡೆಯ ಮಂದಿ ಕೇಳುವ ಪ್ರಶ್ನೆ ಒಂದೇ. "ನಮ್ಮವ್ವ ಒಂದು ಹಾಡು ಹಾಡ್ತಾಳ್ರೀ, ಎಲ್ಲೂ ರೆಕಾರ್ಡ್ ಆಗಿಲ್ಲ, ಯಾವ ಪುಸ್ತಕದಾಗೂ ಇಲ್ಲ. ಅದಕ್ಕೊಂದು ಪುಟ ಮಾಡ್ರಲ್ಲ?" ಮದುವೆ ಊಟಕ್ಕೆ ಕೂತಾಗ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ. ಪ್ರತಿ ಸಲ ಅರ್ಧಂಬರ್ಧ ಉತ್ತರ ಕೊಟ್ಟು ಬಂದಿದ್ದೇನೆ. ಈಗ ಪೂರ್ತಿ ಹೇಳಿಬಿಡುತ್ತೇನೆ.

ಹೆಚ್ಚಿನ ಹಾಡುಗಳಿಗೆ ಬೇರೆ ಪುಟ ಬೇಡ. ಕೆಲವಕ್ಕೆ ಖಂಡಿತ ಬೇಕು.

ರೆಕಾರ್ಡ್ ಆಗಿದೆಯೋ ಇಲ್ಲವೋ ಅನ್ನೋದು ಇಲ್ಲಿ ಮುಖ್ಯವೇ ಅಲ್ಲ. ವಿಕಿಪೀಡಿಯಾದ ನಿಯಮ ಏನಂದರೆ, ಹಾಡಿಗೂ ಹಾಡುವವರಿಗೂ ಸಂಬಂಧ ಇಲ್ಲದ ಬೇರೆಯವರು, ಪುಸ್ತಕದಲ್ಲೋ ಪತ್ರಿಕೆಯಲ್ಲೋ ಅದರ ಬಗ್ಗೆ ವಿವರವಾಗಿ ಬರೆದಿರಬೇಕು. ನಾವು ಕಿವಿಯಾರೆ ಕೇಳಿದ್ದನ್ನ ನೇರವಾಗಿ ಬರೆಯುವ ಹಾಗಿಲ್ಲ. ಇಂಗ್ಲೆಂಡಿನ ಬೀಟಲ್ಸ್ ಸಂಗೀತ ತಂಡದವರು 1967ರ ಜನವರಿಯಲ್ಲಿ ಕಾರ್ನಿವಲ್ ಆಫ್ ಲೈಟ್ ಅಂತ ಸುಮಾರು 14 ನಿಮಿಷದ ಒಂದು ತುಣುಕು ರೆಕಾರ್ಡ್ ಮಾಡಿದರು. ಅದು ಬಿಡುಗಡೆಯಾಗಲೇ ಇಲ್ಲ, ಕೇಳಿದವರು ತೀರಾ ಕಡಿಮೆ. ಆದರೂ ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಅದಕ್ಕೆ ದೊಡ್ಡ ಪುಟ ಇದೆ, ಯಾಕೆಂದರೆ ಅದರ ಬಗ್ಗೆ ಬರೆದವರು ಬಹಳ ಜನ. ನಮ್ಮವ್ವಂದಿರ ಹಾಡನ್ನ ಇಡೀ ಓಣಿ ಕೇಳಿದೆ, ಬರೆದವರಿಲ್ಲ. ಇದು ನನಗೂ ನೋವಿನ ಮಾತೇ. ಆದರೆ ಆ ನಿಯಮ ಬಿಟ್ಟರೆ ನಿನ್ನೆ ರಾತ್ರಿ ಕಟ್ಟಿದ ಪದವನ್ನೂ ಜನಪದ ಅಂತ ಯಾರು ಬೇಕಾದರೂ ಹಾಕಬಹುದು, ಆಗ ನಿಜವಾದ ಹಾಡಿಗೇ ಪೆಟ್ಟು.

ಇನ್ನೊಂದು ಕಾರಣ ಇದೆ. ಅದು ನನಗೆ ಅರ್ಥ ಆಗಿದ್ದು ರೋಣದ ಕಡೆಯ ಒಂದು ಹಳ್ಳಿಯಲ್ಲಿ, ಒಬ್ಬ ಅಜ್ಜಿಯ ಪಡಸಾಲೆಯಲ್ಲಿ.

ಬೀಸುವ ಪದ ಹಾಡು ಅಂತ ಕೇಳಿಕೊಂಡು ಹೋಗಿದ್ದೆ. ಮೊಬೈಲ್ ಮುಂದಿಟ್ಟು ಕೂತರೆ ಎರಡು ಸಾಲಿಗೇ ನಿಂತಳು. "ಕಲ್ಲಿಲ್ದ ಹ್ಯಾಂಗ ಹಾಡ್ಲೋ ತಮ್ಮಾ?" ಅಂದಳು. ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತ್ತು. ನಾನು, ಅವಳ ಮೊಮ್ಮಗ ಸೇರಿ ಅದನ್ನ ಎಳೆದು ತಂದು ಒರೆಸಿ ಇಟ್ಟೆವು. ಗೂಟ ಹಿಡಿದು ಎರಡು ಸುತ್ತು ತಿರುಗಿಸಿದಳು, ಹಾಡು ತಾನಾಗೇ ಬಂತು. ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕುವಾಗ ಎಡಗೈ ಬಿಡುವು ಬೇಕಲ್ವಾ, ಸರಿಯಾಗಿ ಅಲ್ಲೇ ಅವಳು ಮೂರನೇ ಸಾಲಿನ ಕೊನೆಯನ್ನ ಎಳೆಯುತ್ತಿದ್ದಳು. ಕಾಳು ಬಿದ್ದು ಕಲ್ಲಿನ ಸದ್ದು ದಪ್ಪ ಆಗುತ್ತಿತ್ತು, ಮುಂದಿನ ತ್ರಿಪದಿ ಶುರು. ಹತ್ತು ಹನ್ನೊಂದು ನಿಮಿಷ ಹಾಡಿದಳು, ತವರು, ತಮ್ಮ, ಹೊಲ, ಮಲ್ಲಯ್ಯ ಎಲ್ಲ ಬಂದು ಹೋದರು.

ಮರುದಿನ ಮತ್ತೆ ಹೋದೆ. ಅದೇ ಹಾಡು ಹಾಡು ಅಂದೆ. ಅದೇ ಅಂತ ಹೇಳಿಯೇ ಹಾಡಿದಳು, ಆದರೆ ಅರ್ಧ ತ್ರಿಪದಿಗಳು ಬೇರೆ! ಹಿಂದಿನ ದಿನ ನಡುವೆ ಬಂದಿದ್ದು ಈಗ ಮೊದಲಿಗೆ ಬಂತು. ಮೂರು ಸಾಲಿನ ಆ ಪದಗಳನ್ನ ಅವರು ಮುತ್ತಿನ ಹಾಗೆ ಬೇಕಾದಂತೆ ಪೋಣಿಸಿಕೊಳ್ಳುತ್ತಾರೆ. ಅದರಲ್ಲಿ ಒಂದು ತ್ರಿಪದಿಯನ್ನ ನಾನು ಹಾವೇರಿ ಕಡೆ ಮದುವೆಮನೆಯ ಸೋಬಾನೆಯಲ್ಲೂ ಕೇಳಿದ್ದೆ. ಈಗ ಹೇಳಿ, ಯಾವುದು "ಆ ಹಾಡು"? ಯಾವ ಹೆಸರಲ್ಲಿ ಪುಟ ಮಾಡೋಣ? ಅದನ್ನ ಒಂದು ಪುಟದಲ್ಲಿ ಕಟ್ಟಿಹಾಕಿದರೆ ಇಷ್ಟೇ ಅದರ ರೂಪ ಅಂತ ಓದುವವರು ತಿಳಿಯುತ್ತಾರೆ, ಅದು ತಪ್ಪು. ಬೀಸುವ ಪದ, ಸೋಬಾನೆ, ರಾಶಿ ಮಾಡುವಾಗ ಹಾಡುವ ಹಂತಿ ಪದ, ಡೊಳ್ಳಿನ ಪದ, ಜೋಕುಮಾರನ ಹಾಡು, ಇವುಗಳ ಒಂದೊಂದಕ್ಕೂ ತುಂಬು ಪುಟ ಬೇಕು. ಅಜ್ಜಿಯ ಹಾಡು ಅದರೊಳಗೆ ಉದಾಹರಣೆಯಾಗಿ, ದನಿಯ ಸಮೇತ ಇರಬೇಕು. ಅಲ್ಲಿ ಅದಕ್ಕೆ ಜಾಸ್ತಿ ಜೀವ.

ಲಾವಣಿಯ ಮಾತು ಬೇರೆ. ಅಲ್ಲಿ ಒಂದು ಕತೆ ಇದೆ, ಮೊದಲು ಕೊನೆ ಇದೆ, ಹಲವು ಸಲ ಕಟ್ಟಿದವರ ಊರೋ ದೇವರೋ ಕೊನೆಗೆ ಬರುತ್ತದೆ. ಮುಧೋಳ ಕಡೆಯ ಹಲಗಲಿ ಬೇಡರ ಲಾವಣಿಯನ್ನೇ ನೋಡಿ. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕುಂಪಣಿ ಸರಕಾರ ಹುಕುಂ ಮಾಡಿದಾಗ ತಿರುಗಿಬಿದ್ದವರ ಹಾಡು. ಆಮೇಲೆ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನ ಬರೆಸಿಕೊಂಡು ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಮುಂದೆ ಜನಪದ ಗೀತೆಗಳ ಮೇಲೆ ಧಾರವಾಡದಲ್ಲಿ ಡಾಕ್ಟರೇಟ್ ಮಾಡಿದ ಬಿ.ಎಸ್. ಗದ್ದಗಿಮಠರು ತಮ್ಮ ಸಂಗ್ರಹಕ್ಕೆ ಸೇರಿಸಿದರು, ಹತ್ತನೇ ತರಗತಿಯ ಮಕ್ಕಳೂ ಓದಿದರು. ಇಂಥ ಹಾಡು ರೆಕಾರ್ಡ್ ಆಗದಿದ್ದರೂ ಅದಕ್ಕೆ ಸ್ವಂತ ಪುಟ ಇರಲೇಬೇಕು, ಈ ವಿಷಯದಲ್ಲಿ ನಾನು ಯಾರ ಜೊತೆಗಾದರೂ ವಾದ ಮಾಡುತ್ತೇನೆ. ಶಿಶುನಾಳ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ಪದಗಳು ಎಷ್ಟೋ ವರ್ಷ ಭಜನೆ ಮಂದಿಯ ಬಾಯಲ್ಲೇ ಉಳಿದು ಬಂದವು. ಆಮೇಲೆ ಅವನ್ನ ಕೇಳಿ ಕೇಳಿ ಬರೆದಿಟ್ಟವರು ಇದ್ದರು, ಅದಕ್ಕೇ ಇವತ್ತು ಒಂದೊಂದು ಪದದ ಬಗ್ಗೆಯೂ ಬರೆಯಲು ಆಧಾರ ಸಿಗುತ್ತದೆ.

ಹಾಗಾಗಿ ಪುಟ ಕೇಳುವವರಿಗೆ ನಾನು ಹೇಳೋದು, ಮೊದಲು ರೆಕಾರ್ಡ್ ಮಾಡಿ. ಫ್ಯಾನ್ ಆರಿಸಿ, ಟಿವಿ ಆರಿಸಿ. ಹಾಡು ಮುಗಿದ ಮೇಲೆ ಮೊಬೈಲ್ ಬಂದ್ ಮಾಡಬೇಡಿ, ಯಾರಿಂದ ಕಲಿತಿ, ಯಾವ ಕೆಲಸದಾಗ ಹಾಡ್ತಿದ್ರಿ ಅಂತ ಕೇಳಿ, ಅದೂ ದಾಖಲಾಗಲಿ. ವಿಕಿಪೀಡಿಯಾದ ಚಿತ್ರ, ದನಿಗಳನ್ನ ಇಡುವ ವಿಕಿಮೀಡಿಯಾ ಕಾಮನ್ಸ್ ಜಾಲತಾಣಕ್ಕೆ ಹಾಕುವುದಾದರೆ ಹಾಡಿದವರ ಒಪ್ಪಿಗೆ ಬೇಕು. ಅಲ್ಲಿ ಹಾಕಿದ್ದನ್ನ ಯಾರು ಬೇಕಾದರೂ, ದುಡ್ಡು ಮಾಡುವವರೂ ಬಳಸಬಹುದು ಅಂತ ಅವರಿಗೆ ತಿಳಿಯುವ ಹಾಗೆ ಹೇಳಬೇಕು. ಇದನ್ನ ಮಾತ್ರ ದಯವಿಟ್ಟು ಹಗುರಾಗಿ ತಗೋಬೇಡಿ. ಒಂದು ಪ್ರತಿಯನ್ನ ಶಿಗ್ಗಾಂವಿ ಹತ್ತಿರ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯಕ್ಕೆ ತೋರಿಸಿ. ಅಲ್ಲಿ ಓದುವ ಯಾರಾದರೂ ಅದರ ಮೇಲೆ ಒಂದು ಲೇಖನ ಬರೆದು ಅಚ್ಚಾಯಿತು ಅಂದರೆ, ಪುಟಕ್ಕೆ ಬೇಕಾದ ಬುನಾದಿ ಬಿತ್ತು.

ನಾನೂ ಅಜ್ಜಿಗೆ ಇದೆಲ್ಲ ಹೇಳಿದೆ. ಜಗತ್ತಿನ ಯಾರು ಬೇಕಾದರೂ ಕೇಳ್ತಾರೆ ಅಂದೆ. ಸ್ವಲ್ಪ ಹೊತ್ತು ಕಲ್ಲಿನ ಮೇಲಿನ ಹಿಟ್ಟು ಬಳಿಯುತ್ತ ಕೂತಿದ್ದಳು. "ಕೇಳ್ಲಿ ಬಿಡು. ನನ್ನ ಹೆಸರ ಬ್ಯಾಡ, ನಮ್ಮ ತವರೂರ ಹೆಸರ ಹಾಕು" ಅಂದಳು. ಎರಡೂ ದಿನದ ಹಾಡನ್ನ ಹಾಗೇ, ಊರಿನ ಹೆಸರಲ್ಲೇ ಹಾಕುತ್ತಿದ್ದೇನೆ.