ಸೋಮವಾರದ ಹಲಗೆ: 24 ವಾರ ಆಯ್ತು

ಸೋಮವಾರಪೇಟೆಯಲ್ಲಿ ಸೋಮವಾರ ಸಂತೆ. ಅಂಗಡಿ ಬಾಗಿಲು ತೆಗೆದು, ಜೆರಾಕ್ಸ್ ಮೆಷಿನ್ ಬಿಸಿಯಾಗುವಷ್ಟರಲ್ಲಿ ಹೊರಗಿನ ಹಲಗೆಗೆ ಒಂದು ಚಿತ್ರ ಹಾಕುತ್ತೇನೆ. ಇಂಟರ್ನೆಟ್‌ನಲ್ಲಿ ಹುಡುಕಾಡುವಾಗ ಕಣ್ಣಿಗೆ ಬಿದ್ದ ಯಾವುದಾದರೂ ವಿಚಿತ್ರ ಚಿತ್ರ. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು: ಇದೇನು, ಯಾರು ಮಾಡಿದ್ದು, ಯಾವಾಗ, ಈಗ ಎಲ್ಲಿದೆ. ಮೇ ಕೊನೆಯಲ್ಲಿ ಶುರು ಮಾಡಿದ್ದು, ಈ ವಾರಕ್ಕೆ 24 ಆಯ್ತು. ಹಿಂದಿನ ಸಲ ಬರೆದಾಗ ಮೂರೇ ಚಿತ್ರ ಹಾಕಿದ್ದೆ. ಆಮೇಲೆ ಮಳೆಗಾಲ ಬಂತು, ಬರೆಯೋಕೆ ಆಗಲಿಲ್ಲ. ಈಗ ಎಲ್ಲಾ ಸೇರಿಸಿ ಬರೆಯುತ್ತಿದ್ದೇನೆ.

ಹೊಸಬರಿಗೆ ಹಲಗೆಯ ನಿಯಮ ಹೇಳಿಬಿಡುತ್ತೇನೆ. ಎಲ್ಲಿಂದ ಬಂತು ಅಂತ ಗೊತ್ತಾಗದ ಚಿತ್ರ ಹಲಗೆ ಏರುವ ಹಾಗಿಲ್ಲ. ವಾಟ್ಸಾಪ್‌ನಲ್ಲಿ ದಿನಕ್ಕೆ ನೂರು ಚಿತ್ರ ಬರುತ್ತವೆ, ಒಂದಕ್ಕೂ ಅಪ್ಪ ಅಮ್ಮ ಇರುವುದಿಲ್ಲ. ಯಾರೋ ವಾರಗಟ್ಟಲೆ ಕೂತು ಬಿಡಿಸಿರುತ್ತಾರೆ, ಹೆಸರೇ ಅಳಿಸಿಹೋಗಿರುತ್ತದೆ. ಅದು ನನಗೆ ಸಹಿಸೋಕೆ ಆಗಲ್ಲ. ಇನ್ನೊಂದು, ಹಕ್ಕು ಮುಗಿದ ಹಳೇ ಚಿತ್ರಗಳನ್ನು ಮಾತ್ರ ಪ್ರಿಂಟ್ ಹಾಕುತ್ತೇನೆ. ಈಗಿನವರ ಕೆಲಸ ಆದರೆ ಕಂಪ್ಯೂಟರ್ ಪರದೆಯನ್ನು ಗಿರಾಕಿಗಳ ಕಡೆ ತಿರುಗಿಸಿ ತೋರಿಸುತ್ತೇನೆ.

1ನೇ ವಾರ

ಆಲ್ಬ್ರೆಕ್ಟ್ ಡ್ಯೂರರ್‌ನ ಘೇಂಡಾಮೃಗ, 1515. ಇದರಿಂದಲೇ ಶುರು ಮಾಡಬೇಕು ಅಂತ ಮೊದಲೇ ಅಂದುಕೊಂಡಿದ್ದೆ, ಯಾಕೆಂದರೆ ಪ್ರಾಣಿ ನಮ್ಮ ದೇಶದ್ದು. ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟಿದ್ದು. 1515ರ ಮೇ ತಿಂಗಳಲ್ಲಿ ಹಡಗಿನಲ್ಲಿ ಲಿಸ್ಬನ್‌ಗೆ ಹೋಗಿ ಇಳಿಯಿತು. ಡ್ಯೂರರ್ ಇದ್ದದ್ದು ದೂರದ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. ಪ್ರಾಣಿಯನ್ನು ಅವನು ಕಣ್ಣಾರೆ ನೋಡಲೇ ಇಲ್ಲ. ಯಾರೋ ಬರೆದ ಕಾಗದ, ಯಾರೋ ಗೀಚಿದ ಒಂದು ಚಿತ್ರ ನೋಡಿಕೊಂಡು ಬಿಡಿಸಿದ. ಅದಕ್ಕೇ ಮೈಮೇಲೆ ಕಬ್ಬಿಣದ ತಗಡು ಹೊದಿಸಿದ ಹಾಗಿದೆ. ಬೆನ್ನ ಮೇಲೆ ಇನ್ನೊಂದು ಪುಟ್ಟ ಕೊಂಬು ಬೇರೆ. ಆದರೂ ನೂರಾರು ವರ್ಷ ಯುರೋಪಿನವರು ಘೇಂಡಾಮೃಗ ಅಂದರೆ ಹೀಗೇ ಇರುತ್ತೆ ಅಂತ ನಂಬಿಕೊಂಡಿದ್ದರು. ಪಾಪ, ಆ ಪ್ರಾಣಿ ಮುಂದಿನ ವರ್ಷವೇ ಇಟಲಿಯ ಹತ್ತಿರ ಹಡಗು ಮುಳುಗಿ ಸತ್ತಿತು. ಅದನ್ನು ಪೋಪ್‌ಗೆ ಉಡುಗೊರೆಯಾಗಿ ಕಳಿಸುತ್ತಿದ್ದರಂತೆ.

ಪಹಣಿ ಜೆರಾಕ್ಸ್ ಮಾಡಿಸಲು ಬಂದ ಒಬ್ಬ ಅಜ್ಜ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. "ಕಾಗದದಲ್ಲಿ ಬರೆದದ್ದು ನೋಡಿ ಇಷ್ಟು ಮಾಡಿದ್ದಾನಾ, ಪುಣ್ಯಾತ್ಮ" ಅಂದರು. ಆವತ್ತೇ ಗೊತ್ತಾಯಿತು, ಹಲಗೆ ನಿಲ್ಲುತ್ತೆ ಅಂತ.

4ರಿಂದ 6ನೇ ವಾರ

ಕಾಗದದ ಗೋಳು. ಅಂಗಡಿಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದ ಚಿತ್ರಕ್ಕೆ ಇರಚಲು ಹೊಡೆದು ಬಣ್ಣವೆಲ್ಲಾ ಇಳಿದುಹೋಯಿತು. ಫೋಟೋ ಪೇಪರ್ ತಂದು ನೋಡಿದೆ, ನಾಲ್ಕೇ ದಿನಕ್ಕೆ ಬೂಷ್ಟು. ಕೊನೆಗೆ ದಾರಿ ಸಿಕ್ಕಿತು. ಲೇಸರ್ ಪ್ರಿಂಟ್ ತೆಗೆದು ಲ್ಯಾಮಿನೇಷನ್ ಮಾಡುವುದು. ಟೋನರ್ ಅಂದರೆ ಪುಡಿ, ಬಿಸಿಗೆ ಕರಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ, ನೀರು ಬಿದ್ದರೂ ಹರಡುವುದಿಲ್ಲ. ಲ್ಯಾಮಿನೇಷನ್ ಅಂಚನ್ನು ಕಾಗದದ ಅಂಚಿಗೇ ಕತ್ತರಿಸಬಾರದು, ಸುತ್ತಲೂ ಅರ್ಧ ಇಂಚು ಪ್ಲಾಸ್ಟಿಕ್ ಬಿಡಬೇಕು. ಇಲ್ಲದಿದ್ದರೆ ಅಂಚಿನಿಂದ ನೀರು ಏರುತ್ತದೆ. ಗುಂಡುಪಿನ್ನನ್ನೂ ಆ ಪ್ಲಾಸ್ಟಿಕ್ ಅಂಚಿಗೇ ಚುಚ್ಚಬೇಕು, ಚಿತ್ರಕ್ಕೆ ಅಲ್ಲ.

ಖಾಲಿ ಕಾಗದವೂ ತೇವ ಹೀರಿಕೊಂಡು ಎರಡೆರಡು ಹಾಳೆ ಒಟ್ಟಿಗೆ ಮೆಷಿನ್ ಒಳಗೆ ಹೋಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಳೇ ಮರದ ಪೆಟ್ಟಿಗೆಯೊಳಗೆ 40 ವ್ಯಾಟ್‌ನ ಬಲ್ಬ್ ಹಾಕಿ, ಕಾಗದದ ಕಟ್ಟನ್ನು ಅದರಲ್ಲಿ ಇಟ್ಟೆ. ಕಾಗದಕ್ಕೂ ಬಲ್ಬಿಗೂ ನಡುವೆ ಜಾಗ ಬಿಟ್ಟು, ನಾನು ಅಂಗಡಿಯಲ್ಲಿ ಇದ್ದಷ್ಟು ಹೊತ್ತು ಮಾತ್ರ. ಈಗ ಹಪ್ಪಳದ ಹಾಗೆ ಗರಿಗರಿ. ಕರೆಂಟ್ ಇದ್ದರೆ ಮಾತ್ರ, ಅಷ್ಟೇ. ಜುಲೈನಲ್ಲಿ ಒಂದು ಸಲ ಮೂರು ದಿನ ಕರೆಂಟೂ ಇಲ್ಲ, ಟವರೂ ಇಲ್ಲ. ಆ ವಾರ ಹಳೇ ಚಿತ್ರವನ್ನೇ ಇಟ್ಟುಕೊಂಡೆ.

8ನೇ ವಾರ: ಬಸವನಹುಳು

ಈವರೆಗೆ ಹಾಕಿದ್ದರಲ್ಲಿ ಇದಕ್ಕೆ ಬಂದಷ್ಟು ಜನ ಇನ್ಯಾವುದಕ್ಕೂ ಬಂದಿಲ್ಲ.

13ನೇ ಶತಮಾನದ ಕೊನೆಯಿಂದ 14ನೇ ಶತಮಾನದವರೆಗೆ ಯುರೋಪಿನಲ್ಲಿ ಕೈಬರಹದ ಪುಸ್ತಕಗಳ ಅಂಚಿನಲ್ಲಿ ಚಿತ್ರ ಬಿಡಿಸುತ್ತಿದ್ದರು. ನಡುವೆ ಪ್ರಾರ್ಥನೆ, ಅಂಚಿನಲ್ಲಿ ಮೊಲ, ಕೋತಿ, ಏನೇನೋ. ಅದರಲ್ಲಿ ಮತ್ತೆ ಮತ್ತೆ ಬರುವ ಒಂದು ಚಿತ್ರ ಇದೆ: ಕವಚ ತೊಟ್ಟ ಯೋಧ ಬಸವನಹುಳುವಿನ ಜೊತೆ ಯುದ್ಧಕ್ಕೆ ನಿಂತಿದ್ದಾನೆ. ಕೆಲವು ಕಡೆ ಕತ್ತಿ ಕೆಳಗಿಟ್ಟು ಮಂಡಿಯೂರಿ ಶರಣಾಗಿದ್ದಾನೆ. ನಾನು ಹಾಕಿದ್ದು ಇಂಗ್ಲೆಂಡಿನ ಗೋರ್ಲ್‌ಸ್ಟನ್ ಸಾಲ್ಟರ್ ಎಂಬ ಪುಸ್ತಕದ್ದು. 1310ರಿಂದ 1324ರ ನಡುವಿನದ್ದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. 2023ರ ಅಕ್ಟೋಬರ್‌ನಲ್ಲಿ ಆ ಲೈಬ್ರರಿಯ ಮೇಲೆ ಸೈಬರ್ ದಾಳಿ ಆಗಿ ಆನ್‌ಲೈನ್ ಪುಸ್ತಕಗಳೆಲ್ಲ ಮುಚ್ಚಿಹೋಗಿದ್ದವು. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಪ್ರತಿ ಇದ್ದದ್ದರಿಂದ ನನಗೆ ಸಿಕ್ಕಿತು. ಬಿಡಿಸಿದವನ ಹೆಸರು ಉಳಿದಿಲ್ಲ. "ಹೆಸರು ಉಳಿದಿಲ್ಲ" ಅಂತಲೇ ಕೆಳಗೆ ಬರೆದೆ. ಸುಮ್ನೆ ಬಿಟ್ಟುಬಿಡುವುದಕ್ಕಿಂತ ಅದು ಮೇಲು.

ಈಗ ನಮ್ಮೂರಿನ ಕಥೆ. ಶನಿವಾರಸಂತೆ ಊರಿನ ಕಡೆಯ ತೋಟಗಳಿಗೆ ಆಫ್ರಿಕಾದ ದೊಡ್ಡ ಬಸವನಹುಳು ನುಗ್ಗಿ ಕೊಟ್ಟ ಕಾಟ ಇಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ. ಮಳೆ ಹಿಡಿದರೆ ಸಾಕು, ರಾತ್ರಿ ಹೊರಗೆ ಬರುತ್ತವೆ. ಕಾಫಿ ಗಿಡದಲ್ಲಿ, ಬಾಳೆಯಲ್ಲಿ, ಪಪ್ಪಾಯದಲ್ಲಿ, ಎಲ್ಲೆಂದರಲ್ಲಿ. ಟಾರ್ಚ್ ಹಿಡಿದು ಒಂದೊಂದಾಗಿ ಹೆಕ್ಕಿ ಚೀಲ ತುಂಬಿದವರು ನನ್ನ ಗಿರಾಕಿಗಳೇ. ಅವರೆಲ್ಲ ಈ ಚಿತ್ರದ ಮುಂದೆ ನಿಂತುಬಿಟ್ಟರು. ಒಬ್ಬರಂತೂ ಕೊಡೆ ಮಡಚದೆ ಹಾಗೇ ನಿಂತು, "ನೋಡಿ, 700 ವರ್ಷದ ಹಿಂದೆ ಅವರಿಗೂ ಇದೇ ಕಾಟ ಇತ್ತಾ?" ಅಂತ ಕೇಳಿದರು.

ಉತ್ತರ ಹುಡುಕಿದೆ. ಲಿಲಿಯನ್ ರ್‍ಯಾಂಡಲ್ ಎಂಬ ಕಲಾ ಇತಿಹಾಸಕಾರ್ತಿ 1962ರಲ್ಲಿ ಇಂಥ ಚಿತ್ರಗಳನ್ನೆಲ್ಲ ಒಟ್ಟುಹಾಕಿ ಬರೆದಿದ್ದಾರೆ. ಆ ಕಾಲದಲ್ಲಿ ಲೊಂಬಾರ್ಡರು ಅಂತ ಬಡ್ಡಿ ವ್ಯಾಪಾರ ಮಾಡುವವರಿದ್ದರು, ಅವರನ್ನು ಹೇಡಿಗಳು ಅಂತ ಹಂಗಿಸಲು ಬಸವನಹುಳು ಬಿಡಿಸುತ್ತಿದ್ದರು ಅನ್ನುವುದು ಅವರ ವಾದ. ಬೇರೆಯವರು ಬೇರೆ ಹೇಳುತ್ತಾರೆ, ಇನ್ನೂ ತೀರ್ಮಾನ ಆಗಿಲ್ಲ. ಇದನ್ನೂ ಚೀಟಿಯಲ್ಲಿ ಬರೆದು ಚಿತ್ರದ ಪಕ್ಕ ಹಾಕಿದೆ. ಕೊಡೆ ಹಿಡಿದವರು ಮುಂದಿನ ಸೋಮವಾರ ಬಂದು ಓದಿ ಹೇಳಿದರು: "ಬಡ್ಡಿಯವರೂ ಹೀಗೇ ಅಲ್ವಾ, ನಿಧಾನಕ್ಕೆ ಬಂದು ಎಲೆ ಬಿಡದೆ ತಿನ್ನುತ್ತಾರೆ." ನನಗೆ ಈ ವ್ಯಾಖ್ಯಾನವೇ ಜಾಸ್ತಿ ಹಿಡಿಸಿತು.

10ನೇ ವಾರ

ಅರ್ಚಿಂಬೋಲ್ಡೋ ಬಿಡಿಸಿದ 'ಬೇಸಿಗೆ', 1563. ಮೂಲ ವಿಯೆನ್ನಾದ ಮ್ಯೂಸಿಯಂನಲ್ಲಿದೆ. ಮನುಷ್ಯನ ಮುಖ, ಆದರೆ ಪೂರ್ತಿ ಹಣ್ಣು ತರಕಾರಿ. ಮೂಗು ಸೌತೆಕಾಯಿ, ಕಿವಿ ಮುಸುಕಿನ ಜೋಳ, ಬಾಯಿ ಬಿರಿದ ಬಟಾಣಿ ಕಾಯಿ, ಒಳಗಿನ ಕಾಳುಗಳೇ ಹಲ್ಲು. ಸಂತೆ ದಿನಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಎದುರುಗಡೆ ತರಕಾರಿ ಹಾಕುವ ಅಕ್ಕ ಮಧ್ಯಾಹ್ನ ವ್ಯಾಪಾರ ಇಳಿದ ಮೇಲೆ ಗೋಣಿಚೀಲದ ಮೇಲೆ ಒಂದು ಮುಖ ಜೋಡಿಸಿದರು. ಕೆನ್ನೆಗೆ ಎರಡು ಬದನೆಕಾಯಿ, ಹುಬ್ಬಿಗೆ ಬೀನ್ಸ್, ಮೂಗಿಗೆ ಸಿಪ್ಪೆ ಸುಲಿಯದ ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆ. ಕಣಿಲೆ ಮೂಗು ಅರ್ಚಿಂಬೋಲ್ಡೋಗೂ ಹೊಳೆದಿರಲಿಲ್ಲ!

ಈ ಚಿತ್ರದಲ್ಲಿ ಇನ್ನೊಂದು ಗುಟ್ಟಿದೆ. ಅಂಗಿ ಹೆಣೆದಿರುವುದು ಒಣಹುಲ್ಲಿನಲ್ಲಿ. ಕುತ್ತಿಗೆಪಟ್ಟಿಯ ಹೆಣಿಗೆಯೊಳಗೇ ಚಿತ್ರಕಾರ ತನ್ನ ಹೆಸರು ಸೇರಿಸಿದ್ದಾನೆ, ಭುಜದ ಹತ್ತಿರ ಇಸವಿ. ಅದನ್ನು ದೊಡ್ಡದು ಮಾಡಿ ಬೇರೆ ಪ್ರಿಂಟ್ ತೆಗೆದು ಪಕ್ಕದಲ್ಲಿ ಹಾಕಿದ್ದೆ. ಶಾಲೆ ಮಕ್ಕಳು ಬೆರಳಿಟ್ಟು ಹುಡುಕಿದರು.

13ನೇ ವಾರ: ತಪ್ಪಾಯಿತು

ಬಸವನಹುಳುವಿನ ಮೇಲೆ ಆಸೆ ಹತ್ತಿಬಿಟ್ಟಿತ್ತು. ಬಸವನಹುಳು ಆಕಾರದ ಬಸ್ಸಿನ ಕಪ್ಪುಬಿಳುಪು ಫೋಟೋ ಒಂದು ಸಿಕ್ಕಿತು. 1920ರ ಪ್ಯಾರಿಸ್ ಅಂತ ಬರೆದಿತ್ತು. ಭಾನುವಾರ ರಾತ್ರಿ ಕರೆಂಟ್ ಹೋಗುವ ಹಾಗಿತ್ತು, ಅವಸರದಲ್ಲಿ ಮೂಲ ಹುಡುಕದೆ ಹಾಕಿಬಿಟ್ಟೆ. ಮಂಗಳವಾರ ಚಾರ್ಟ್ ಪೇಪರ್ ಕೊಳ್ಳಲು ಬಂದ ಏಳನೇ ಕ್ಲಾಸಿನ ಹುಡುಗಿ ಹಲಗೆಯ ಮುಂದೆ ಸುಮಾರು ಹೊತ್ತು ನಿಂತಳು. "ಅಂಕಲ್, ಡ್ರೈವರ್ ಕೈಯಲ್ಲಿ ಆರು ಬೆರಳು ಇದೆ. ಬಸ್ ಮೇಲೆ ಬರೆದಿರೋದು ಇಂಗ್ಲಿಷೂ ಅಲ್ಲ, ಏನೂ ಅಲ್ಲ" ಅಂದಳು. ನೋಡಿದರೆ ಹೌದು. ಎಐ ಮಾಡಿದ ಚಿತ್ರ. ಫೋಟೋನೇ ಅಲ್ಲ, ಅಂಥ ಬಸ್ಸೂ ಇರಲಿಲ್ಲ.

ಆವತ್ತೇ ತೆಗೆದೆ. ಅದೇ ಜಾಗದಲ್ಲಿ "ಈ ವಾರದ ಚಿತ್ರ ಸುಳ್ಳು, ನಾನು ಪರೀಕ್ಷೆ ಮಾಡದೆ ಹಾಕಿದೆ" ಅಂತ ದಪ್ಪ ಅಕ್ಷರದಲ್ಲಿ ಬರೆದು ಹಾಕಿದೆ. ಅವತ್ತಿನಿಂದ ಪ್ರತಿ ಚಿತ್ರವನ್ನೂ ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡರಲ್ಲೂ ಹಾಕಿ ನೋಡುತ್ತೇನೆ. ಟಿನ್‌ಐನಲ್ಲಿ ಹಳೆಯದು ಮೊದಲು ಬರುವ ಹಾಗೆ ಜೋಡಿಸಬಹುದು. ಚಿತ್ರ ನೆಟ್‌ನಲ್ಲಿ ಮೊದಲು ಕಂಡದ್ದು ಎಲ್ಲಿ ಅಂತ ಹುಡುಕಲು ಅದು ತುಂಬಾ ಸಹಾಯ. ಆಮೇಲೆ ಮ್ಯೂಸಿಯಂ ಅಥವಾ ಲೈಬ್ರರಿಯ ಪುಟ ಸಿಗುವವರೆಗೆ ಬಿಡುವುದಿಲ್ಲ.

ಮುಂದಿನ ವಾರ 'ಲೂಸಿ' ಆನೆ ಹಾಕಿದೆ. ಅಮೆರಿಕದ ನ್ಯೂಜೆರ್ಸಿಯ ಮಾರ್ಗೇಟ್‌ನಲ್ಲಿ 1881ರಲ್ಲಿ ಕಟ್ಟಿದ 65 ಅಡಿ ಎತ್ತರದ ಆನೆ ಆಕಾರದ ಕಟ್ಟಡ. ಮರದ ಚೌಕಟ್ಟು, ಮೇಲೆ ತಗಡು. ಹಿಂಗಾಲಿನೊಳಗೆ ಮೆಟ್ಟಿಲು, ಹತ್ತಿದರೆ ಹೊಟ್ಟೆಯೊಳಗೆ ಕೋಣೆ. ಜೇಮ್ಸ್ ಲಾಫರ್ಟಿ ಎಂಬವನು ಸೈಟ್ ಮಾರಲು ಜನ ಸೇರಿಸಬೇಕು ಅಂತ ಕಟ್ಟಿಸಿದ್ದು, ಇವತ್ತಿಗೂ ನಿಂತಿದೆ. ಯಾರೂ ನಂಬಲಿಲ್ಲ. "ಇದೂ ಆರು ಬೆರಳಿಂದೇನಾ?" ಅಂತ ಕೇಳಿದರು. ಕೇಳಬೇಕಾದದ್ದೇ. 1882ರ ಡಿಸೆಂಬರ್‌ನಲ್ಲಿ ಅವನಿಗೆ ಸಿಕ್ಕ ಪೇಟೆಂಟಿನ ನಕ್ಷೆ ತೆಗೆದು ಪಕ್ಕದಲ್ಲಿ ಹಾಕಿದೆ. ಅದರಲ್ಲಿ ಆನೆಯೊಳಗಿನ ಮೆಟ್ಟಿಲನ್ನೂ ಗೆರೆ ಹಾಕಿ ತೋರಿಸಿದ್ದಾನೆ. ತೋಟಕ್ಕೆ ಆನೆ ಬಂತು ಅಂದರೆ ಎದೆ ಒಡೆದುಕೊಳ್ಳುವ ನಮ್ಮ ಜನ ಆ ನಕ್ಷೆಯ ಮುಂದೆ ನಿಂತು ಯಾವ ಕಾಲಿನಿಂದ ಹತ್ತಬೇಕು ಅಂತ ಮಾತಾಡಿಕೊಂಡರು.

17ನೇ ವಾರ: ಸ್ಪೇನಿನ ಅಜ್ಜಿ

ಇದು ಪರದೆಯಲ್ಲಿ ತೋರಿಸಿದ್ದು. ನಿಮಗೆ ಗೊತ್ತಿರಬಹುದು. 2012ರ ಆಗಸ್ಟ್‌ನಲ್ಲಿ ಪ್ರಪಂಚವೆಲ್ಲಾ ನಕ್ಕ ಚಿತ್ರ. ಸ್ಪೇನಿನ ಬೋರ್ಹಾ ಎಂಬ ಸಣ್ಣ ಊರು, ಅಲ್ಲಿನ ಚರ್ಚಿನ ಗೋಡೆಯಲ್ಲಿ ಎಲಿಯಾಸ್ ಗಾರ್ಸಿಯಾ ಮಾರ್ತಿನೇಸ್ ಬಿಡಿಸಿದ ಯೇಸುವಿನ ಮುಖ. ಗೋಡೆಯ ತೇವಕ್ಕೆ ಬಣ್ಣ ಏಳುತ್ತಿತ್ತು. ಸೆಸಿಲಿಯಾ ಹಿಮೆನೆಸ್ ಎಂಬ 80 ದಾಟಿದ ಅಜ್ಜಿಗೆ ನೋಡಲಾಗಲಿಲ್ಲ, ತಾವೇ ಬ್ರಷ್ ಹಿಡಿದು ರಿಪೇರಿ ಮಾಡಲು ಹೋದರು. ಮುಖ ಎಲ್ಲೋ ಹೋಯಿತು, ಕೋತಿ ಅಂತ ಎಲ್ಲರೂ ಆಡಿಕೊಂಡರು. ಅಜ್ಜಿ ಹೇಳಿದ್ದು ಬೇರೆ: ಕೆಲಸ ಅರ್ಧಕ್ಕೆ ನಿಲ್ಲಿಸಿ ಪ್ರವಾಸ ಹೋಗಿದ್ದೆ, ಬಂದು ಮುಗಿಸಬೇಕು ಅಂತಿದ್ದೆ, ಅಷ್ಟರಲ್ಲಿ ಸುದ್ದಿಯಾಗಿಬಿಟ್ಟಿತ್ತು ಅಂತ.

ಆಮೇಲಿನ ಕಥೆ ಹೆಚ್ಚಿನವರಿಗೆ ಗೊತ್ತಿಲ್ಲ. ಆ ಮುಖ ನೋಡಲು ಸಾವಿರಾರು ಜನ ಬರತೊಡಗಿದರು. ಒಂದು ಯೂರೋ ಟಿಕೆಟ್ ಇಟ್ಟರು. ಬಂದ ಹಣದಲ್ಲಿ ಊರಿನ ವೃದ್ಧಾಶ್ರಮ ನಡೆಯಲು ನೆರವಾಯಿತು.

ಇದನ್ನೆಲ್ಲ ಹೇಳುವಾಗ ಊರಲ್ಲಿ ಅಂಗಡಿ ಬೋರ್ಡ್ ಬರೆಯುವ ಅಣ್ಣ ಬಂದಿದ್ದರು. ಈಗ ಎಲ್ಲಾ ಫ್ಲೆಕ್ಸ್ ಆಗಿ ಅವರಿಗೆ ಕೆಲಸ ಕಮ್ಮಿ. ಅವರು ನಗಲಿಲ್ಲ. ಪರದೆಯ ಹತ್ತಿರ ಬಗ್ಗಿ, ಕಣ್ಣಿನ ಜಾಗ ತೋರಿಸಿ ಹೇಳಿದರು: "ಇಲ್ಲಿ ನೋಡಿ, ಒದ್ದೆ ಗೋಡೆ ಮೇಲೆ ಬಣ್ಣ ಎಳೆದಿದ್ದಾರೆ. ಬ್ರಷ್ ಜಾರುತ್ತೆ. ಮಳೆಗಾಲದಲ್ಲಿ ನಮ್ಮೂರ ಗುಡಿಯ ಗೋಡೆಯಲ್ಲಿ ನನಗೂ ಹೀಗೇ ಆಗಿತ್ತು. ದ್ವಾರಪಾಲಕನ ಒಂದು ಕಣ್ಣು ದೊಡ್ಡದಾಗಿ, ಸರಿ ಮಾಡಲು ಹೋಗಿ ಇನ್ನೊಂದನ್ನೂ ದೊಡ್ಡದು ಮಾಡಿದೆ." ಅಷ್ಟು ಹೇಳಿ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಆ ಅಜ್ಜಿಗೆ ಮುಗಿಸೋಕೆ ಬಿಡಬೇಕಿತ್ತು" ಅಂದರು.

ಅವರಿಗೋಸ್ಕರವೇ ಮುಂದಿನ ವಾರ ಘಾನಾ ದೇಶದ ಸಿನಿಮಾ ಪೋಸ್ಟರ್‌ಗಳನ್ನು ತೆರೆದಿಟ್ಟೆ. 1980ರ ದಶಕದಲ್ಲಿ ಅಲ್ಲಿ ಟಿವಿ, ವಿಸಿಆರ್, ಜನರೇಟರ್ ಹೊತ್ತುಕೊಂಡು ಊರೂರಿಗೆ ಹೋಗಿ ಸಿನಿಮಾ ತೋರಿಸುತ್ತಿದ್ದರು. ಪೋಸ್ಟರ್ ಬಿಡಿಸಲು ಹಿಟ್ಟಿನ ಚೀಲ ಬಿಚ್ಚಿ ಹೊಲಿದ ಬಟ್ಟೆ. ಎಷ್ಟೋ ಸಲ ಚಿತ್ರಕಾರ ಸಿನಿಮಾ ನೋಡಿರುತ್ತಲೇ ಇರಲಿಲ್ಲ. ಸಿನಿಮಾದಲ್ಲಿ ಇಲ್ಲದ ಹಾವು, ಅಸ್ಥಿಪಂಜರ, ರಕ್ತ ಎಲ್ಲಾ ಪೋಸ್ಟರ್‌ನಲ್ಲಿ ಇರುತ್ತಿತ್ತು. ಅಣ್ಣ ಒಂದು ಗಂಟೆ ಕೂತರು. ಎಷ್ಟು ಬಣ್ಣ ಬಳಸಿದ್ದಾರೆ ಅಂತ ಬೆರಳಲ್ಲಿ ಎಣಿಸಿದರು. ಹಲಗೆಗೆ ಒಂದು ಹೆಸರು ಬರೆದುಕೊಡುತ್ತೇನೆ ಅಂದಿದ್ದಾರೆ. ಎನಾಮೆಲ್ ಪೇಂಟ್‌ನಲ್ಲಿ, ಮಳೆ ಪೂರ್ತಿ ನಿಂತ ಮೇಲೆ.

19ರಿಂದ 21ನೇ ವಾರ

ದಸರಾ. ಮಡಿಕೇರಿಯ ದಶಮಂಟಪ ನೋಡಿ ಬಂದವರಿಗೆ ಅಂಗಡಿಯ ಹಲಗೆ ಕಣ್ಣಿಗೆ ಬೀಳುವುದಿಲ್ಲ, ಬೀಳಲೂಬಾರದು. ಟ್ರ್ಯಾಕ್ಟರ್ ಮೇಲೆ ರಾಕ್ಷಸ ಎದ್ದು ಕೂಗುತ್ತಾ, ಹೊಗೆ ಉಗುಳುತ್ತಾ, ದೇವಿ ತ್ರಿಶೂಲ ಎತ್ತುವುದನ್ನು ರಾತ್ರಿಯೆಲ್ಲಾ ನಿಂತು ನೋಡಿದೆ. ಚಿತ್ರ ಹಾಕಲಿಲ್ಲ.

23, 24ನೇ ವಾರ

ಈಗ ನಡೆಯುತ್ತಿರುವುದು ಹಣ್ಣಿನ ಚಿತ್ರಗಳು. ಅಮೆರಿಕದ ಕೃಷಿ ಇಲಾಖೆ 1886ರಿಂದ 1942ರವರೆಗೆ ಕಲಾವಿದರನ್ನು ಕೂರಿಸಿ ಹಣ್ಣುಗಳನ್ನು ಜಲವರ್ಣದಲ್ಲಿ ಬಿಡಿಸಿತು. ಕಲರ್ ಫೋಟೋ ಇನ್ನೂ ಬಳಕೆಗೆ ಬಂದಿರದ ಕಾಲದಲ್ಲಿ ಶುರುವಾದದ್ದು, ಯಾವ ತಳಿ ಹೇಗಿರುತ್ತದೆ ಅಂತ ಬೆಳೆಗಾರರಿಗೆ ತೋರಿಸಲು ಬೇರೆ ದಾರಿ ಇರಲಿಲ್ಲ. ಸುಮಾರು 7,500 ಚಿತ್ರ. ಅದರಲ್ಲಿ 1,500ಕ್ಕೂ ಹೆಚ್ಚು ಡೆಬೊರಾ ಗ್ರಿಸ್ಕಮ್ ಪ್ಯಾಸ್ಮೋರ್ ಒಬ್ಬರದ್ದೇ. ಎಲ್ಲಾ ಉಚಿತವಾಗಿ ಸಿಗುತ್ತವೆ. ನನಗೆ ಹಿಡಿಸಿದ್ದು ಕೆಟ್ಟ ಹಣ್ಣುಗಳು. ಹುಳ ಕೊರೆದದ್ದು, ಕೊಳೆತದ್ದು, ಕಲೆ ಬಿದ್ದದ್ದು. ಅಷ್ಟೇ ಪ್ರೀತಿಯಿಂದ ಬಿಡಿಸಿದ್ದಾರೆ.

ಇದನ್ನು ಹಾಕಿದ ದಿನ ಕಿತ್ತಳೆಯ ಮಾತು ಬಂತು. ಕಾಫಿ ತೋಟದಲ್ಲಿ ನಡುನಡುವೆ ಕಿತ್ತಳೆ ಇದ್ದ ಕಾಲ, ರೋಗ ಬಂದು ಗಿಡಗಳು ಒಂದೊಂದೇ ಒಣಗಿದ್ದು, ಉಳಿದ ನಾಲ್ಕು ಗಿಡ ಯಾರ ತೋಟದಲ್ಲಿವೆ ಅನ್ನುವುದು. ಆರು ಬೆರಳು ಎಣಿಸಿದ ಹುಡುಗಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಶುಕ್ರವಾರ ಸಂಜೆ ಅವಳು ಒಂದು ಹಾಳೆ ತಂದುಕೊಟ್ಟಳು. ಅಜ್ಜನ ಮನೆಯ ಗಿಡದ ಕಿತ್ತಳೆ, ವಾಟರ್ ಕಲರ್‌ನಲ್ಲಿ. ಇನ್ನೂ ಅರ್ಧ ಹಸಿರು. ತೊಟ್ಟಿನ ಹತ್ತಿರ ಕಂದು ಕಲೆ, ಅದನ್ನೂ ಬಿಟ್ಟಿಲ್ಲ. ಸಿಪ್ಪೆ ಸಡಿಲವಾಗಿ ಉಬ್ಬಿರುವುದನ್ನು ನೆರಳು ಕೊಟ್ಟು ತೋರಿಸಿದ್ದಾಳೆ. ನಮ್ಮ ಕಿತ್ತಳೆಯ ಗುರುತೇ ಅದು.

"ಹೆಸರು ಎಲ್ಲಮ್ಮಾ ಬರೆದಿಲ್ಲ?" ಅಂತ ಕೇಳಿದೆ.

"ಹುಡುಕಿ ಅಂಕಲ್" ಅಂದಳು.

ಕನ್ನಡಕ ಹಾಕಿಕೊಂಡು ಹುಡುಕಿದೆ. ಎಲೆಯ ನರಗಳ ನಡುವೆ, ಸಣ್ಣ ಹಸಿರು ಅಕ್ಷರದಲ್ಲಿ, ಕನ್ನಡದಲ್ಲೇ ಇತ್ತು. ಪಕ್ಕದ ಎಲೆಯಲ್ಲಿ ಇಸವಿ. ಸ್ಕ್ಯಾನ್ ಮಾಡಿ ಮೂಲ ಹಾಳೆ ಅವಳಿಗೆ ವಾಪಸ್ ಕೊಟ್ಟಿದ್ದೇನೆ. ಸೋಮವಾರ ಹಲಗೆಗೆ ಅದೇ.