ಬಿನ್ ಗಣಪತಿ ಭಟ್ಟ

ನಮ್ಮ ಮನೆ ಜಗಲಿಯಲ್ಲಿ ಒಂದು ವರ್ಷ ಪೂರ್ತಿ ತೂಗುತ್ತಿದ್ದದ್ದು ಬೇರೆ ಮನೆಯ ಮುತ್ತಜ್ಜನ ಸಹಿ. ಅದಕ್ಕೆ ಕಟ್ಟು ಹಾಕಿಸಿ ತಂದವನೂ ನಾನೇ, ಗೋಡೆಗೆ ಮೊಳೆ ಹೊಡೆದವನೂ ನಾನೇ. ಬಂದವರನ್ನೆಲ್ಲ ಅದರ ಕೆಳಗೆ ನಿಲ್ಲಿಸಿ, "ನೋಡಿ, ನಮ್ಮ ಮುತ್ತಜ್ಜನ ಅಕ್ಷರ ಹೇಗಿದೆ" ಎಂದು ಹೇಳುತ್ತಿದ್ದೆ. ಅಕ್ಷರ ಚೆನ್ನಾಗಿಯೇ ಇತ್ತು, ಅದರಲ್ಲಿ ಸುಳ್ಳಿಲ್ಲ.

ನಮ್ಮದು ಸಾಗರದ ಕಡೆಯ ಹಳ್ಳಿ. ಹದಿನೆಂಟು ಮನೆ, ಅದರಲ್ಲಿ ಹದಿನೈದು ಭಟ್ಟರದ್ದು. ಮುತ್ತಜ್ಜನ ಹೆಸರು ಸುಬ್ರಾಯ ಭಟ್ಟ ಎಂದಿಟ್ಟುಕೊಳ್ಳಿ. ನಿಜವಾದ ಹೆಸರು ಅದಲ್ಲ, ಬದಲಿಸಿದ್ದೇನೆ. ಬದಲಿಸಿ ಏನೂ ಪ್ರಯೋಜನ ಇಲ್ಲ ಅನ್ನಿ. ನಮ್ಮೂರಲ್ಲಿ ಯಾವ ಹೆಸರು ಹಾಕಿದರೂ ಯಾರಿಗಾದರೂ ತಾಗಿಯೇ ತಾಗುತ್ತದೆ.

ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ನಮ್ಮ ಹೆಸರಿಗೆ ತರುವ ಪೌತಿ ಖಾತೆ ಮಾಡಿಸಬೇಕಿತ್ತು. ತೋಟದ ಒಂದು ಹಿಸ್ಸೆ ಇನ್ನೂ ಮುತ್ತಜ್ಜನ ಹೆಸರಲ್ಲೇ ಉಳಿದಿತ್ತು. ವಂಶವೃಕ್ಷ ಬೇಕು, ಹಳೆಯ ಪಹಣಿ ಬೇಕು, ಮ್ಯುಟೇಶನ್ ಪ್ರತಿ ಬೇಕು. ಹಾಗಾಗಿ ಎರಡು ವರ್ಷದಿಂದ ತಾಲ್ಲೂಕು ಕಚೇರಿಗೆ ಅಲೆಯುವುದು ಅಭ್ಯಾಸವಾಗಿತ್ತು. ಈಗಿನ ಪಹಣಿ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದು ಬೇಕೆಂದರೆ ರೆಕಾರ್ಡ್ ರೂಮಿಗೇ ಹೋಗಬೇಕಿತ್ತು. ಆ ಕೆಂಪು ಬಟ್ಟೆಯ ಗಂಟು, ಜಿರಳೆ ವಾಸನೆ, ಮುಟ್ಟಿದರೆ ಉದುರುವ ಅಂಚು. ಮೊದಲ ಸಲ ಹೋದಾಗ ಸಿಕ್ಕಿದ್ದೇ ಆ ಸಹಿ ಇದ್ದ ಹಾಳೆ. "ಸುಬ್ರಾಯ ಭಟ್ಟ ಬಿನ್ ಗಣಪತಿ ಭಟ್ಟ." ನಮ್ಮ ಮುತ್ತಜ್ಜನ ಅಪ್ಪ ಗಣಪತಿ ಭಟ್ಟ. ಮತ್ತೆ ಇನ್ನೇನು ಬೇಕು? ನಕಲು ತೆಗೆಸಿಕೊಂಡು ಬಂದೆ.

ಈ "ಬಿನ್" ಬಗ್ಗೆ ಒಂದು ಮಾತು. ಅದು ಅರಬ್ಬಿ ಪದ, ಮಗ ಅಂತ ಅರ್ಥ. ವಾರಾನ್ನ ಉಂಡು ವೇದ ಕಲಿತ ಭಟ್ಟರೂ ಕಂದಾಯದ ಪುಸ್ತಕದಲ್ಲಿ ಬಿನ್. ಗಂಡನ ಹೆಸರು ಹೇಳುವುದಾದರೆ ಕೋಂ. ಅಡ್ಡಹೆಸರು ನಂಬುವ ಹಾಗಿಲ್ಲ ಎಂದು ಕಂದಾಯದವರಿಗೆ ಎಂದೋ ಗೊತ್ತಾಗಿರಬೇಕು, ಅದಕ್ಕೇ ಅಪ್ಪನನ್ನು ಹಿಡಿದುಕೊಂಡರು. ಆದರೆ ನಮ್ಮಲ್ಲಿ ಹಿರಿಮಗನಿಗೆ ಅಜ್ಜನ ಹೆಸರಿಡುವುದು ಪದ್ಧತಿ. ಗಣಪತಿಯ ಮಗ ಸುಬ್ರಾಯ, ಸುಬ್ರಾಯನ ಮಗ ಗಣಪತಿ, ಆ ಗಣಪತಿಯ ಮಗ ಮತ್ತೆ ಸುಬ್ರಾಯ. ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅದೇ ಮನುಷ್ಯ, ಅದೇ ಬಿನ್. ಸಾಲದ್ದಕ್ಕೆ ನಮ್ಮ ಮನೆಯಾದ ಮೇಲಿನಮನೆ ಮತ್ತು ಕೆಳಗಿನಮನೆ ಮೂಲದಲ್ಲಿ ಒಂದೇ ಕುಟುಂಬ. ಹಿಸ್ಸೆಯಾಗುವಾಗ ಗದ್ದೆ, ತೋಟ, ಹಂಡೆ, ತಪ್ಪಲೆ ಎಲ್ಲ ಹಂಚಿಕೊಂಡರು. ಹೆಸರುಗಳನ್ನು ಮಾತ್ರ ಹಂಚಿಕೊಳ್ಳಲಿಲ್ಲ. ಎರಡೂ ಕಡೆಯವರು ಪೂರ್ತಿ ಇಟ್ಟುಕೊಂಡರು.

ಕಳೆದ ಆಷಾಢದಲ್ಲಿ ಒಂದು ದಿನ ಮಗಳನ್ನೂ ಕರೆದುಕೊಂಡು ಹೊರಟೆ. ಅವಳು ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ, ಅಡಿಕೆಯ ಕೊಳೆರೋಗದ ಮೇಲೆ. ಶಂಕರಘಟ್ಟದಿಂದ ರಜೆಗೆ ಬಂದಿದ್ದಳು. ಕಾರಿನ ಹಿಂದಿನ ಸೀಟಿನಲ್ಲಿ ಪಂಚೆಯಲ್ಲಿ ಸುತ್ತಿದ ಒಂದು ಪುಸ್ತಕ ಇತ್ತು. ಕಚೇರಿ ಕೆಲಸ ಮುಗಿಸಿ ಅದನ್ನು ಕೆಳದಿಯ ಮ್ಯೂಸಿಯಂಗೆ ತೋರಿಸುವುದು ಎಂದು ನನ್ನ ಲೆಕ್ಕ. ಸಾಗರದಿಂದ ಕೆಳದಿಗೆ ಹೆಚ್ಚು ದೂರ ಇಲ್ಲ.

ಆ ಪುಸ್ತಕ ನಮ್ಮ ಮನೆಯ ನಾಗಂದಿಗೆ ಮೇಲೆ ಅಟ್ಟದ ಧೂಳಲ್ಲಿ ಇದ್ದದ್ದು. ಕೈಯಲ್ಲಿ ಬರೆದ ದನದ ಮದ್ದಿನ ಪುಸ್ತಕ. ಕಾಲುಬಾಯಿ ಜ್ವರಕ್ಕೆ ಏನು, ಕೆಚ್ಚಲು ಬಾತರೆ ಏನು, ಕರು ಹಾಲು ಕುಡಿಯದಿದ್ದರೆ ಯಾವ ಸೊಪ್ಪು. ಮಧ್ಯದ ನಾಲ್ಕು ಹಾಳೆಗೆ ಅಡಿಕೆ ಬೇಯಿಸಿದ ಚೊಗರು ಚೆಲ್ಲಿ ಕೆಂಪಗೆ ಒಣಗಿದೆ, ಆ ಕಲೆಯೊಳಗೆ ಅಕ್ಷರ ಇನ್ನೂ ಕಪ್ಪಗೆ ನಿಂತಿದೆ. ಕೊನೆಯ ಪುಟದಲ್ಲಿ ಹಳೆಯ ಪ್ರತಿಗಳಲ್ಲೆಲ್ಲ ಇರುವ ಅದೇ ಶ್ಲೋಕ, ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ ಅನ್ನುವುದು. ಚೊಗರಿನ ಸುದ್ದಿ ಅದರಲ್ಲಿ ಇಲ್ಲ, ಬರೆದವರು ಮಲೆನಾಡಿನವರಲ್ಲ ಅಂತ ಕಾಣುತ್ತದೆ. ಅದರ ಕೆಳಗೆ: "ಪ್ರಮೋದೂತ ಸಂವತ್ಸರದಲ್ಲಿ ಗಣಪತಿ ಭಟ್ಟರ ಮಗ ಸುಬ್ರಾಯ ಬರೆದದ್ದು."

"ಪ್ರಮೋದೂತ ಅಂದ್ರೆ ಯಾವ ಇಸವಿ ಅಪ್ಪಾ?" ಮಗಳು ಕಾರಿನಲ್ಲಿ ಕೇಳಿದಳು.

"1930."

"ಅಥವಾ 1870."

ಹೌದು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹೆಸರೂ ತಿರುಗುತ್ತದೆ, ಇಸವಿಯೂ ತಿರುಗುತ್ತದೆ. ನಮ್ಮ ಹಿರಿಯರಿಗೆ ಯಾರಿಗೂ ಸಿಕ್ಕಿಬೀಳಬಾರದು ಅಂತಲೇ ಇತ್ತೇನೋ. ನಾನು ಕಾಗದದ ಗುಣ ನೋಡಿ 1930 ಎಂದು ತೀರ್ಮಾನಿಸಿದ್ದೆ.

ಅವಳಿಗೂ ಇದೇ ಜಾತಿಯ ಕಾಟ ಇತ್ತು. ಗೂಗಲ್ ಸ್ಕಾಲರ್ ಅಂತ ಒಂದಿದೆ, ಯಾರು ಯಾವ ಪ್ರಬಂಧ ಬರೆದಿದ್ದಾರೆ ಎಂದು ಜೋಡಿಸಿ ತೋರಿಸುತ್ತದೆ. ಇವಳು ಬರೆದದ್ದು ಎರಡು. ಪುಟದಲ್ಲಿ ಹದಿಮೂರು ಕಾಣಿಸುತ್ತಿತ್ತು. ಉಳಿದ ಹನ್ನೊಂದು ಕಾಶ್ಮೀರದವು, ಸೇಬಿನ ಸ್ಕ್ಯಾಬ್ ರೋಗದ ಮೇಲೆ ಬರೆದವು. ಕಾಶ್ಮೀರದಲ್ಲೂ ಭಟ್ ಎಂಬ ಹೆಸರು ಎಲ್ಲೆಲ್ಲೂ ಇದೆ, ಪಂಡಿತರಲ್ಲೂ ಮುಸ್ಲಿಮರಲ್ಲೂ. ಮೊದಲಕ್ಷರವೂ ಒಂದೇ, ಅಡ್ಡಹೆಸರೂ ಒಂದೇ, ಎರಡೂ ಬೂಸ್ಟು ರೋಗ. ಯಂತ್ರ ಪಾಪ ಏನು ಮಾಡುತ್ತದೆ, ಇಬ್ಬರನ್ನೂ ಒಂದೇ ಪಂಕ್ತಿಗೆ ಕೂರಿಸಿತು.

ನಾನು ಬೂಸ್ಟು ಅಂದದ್ದಕ್ಕೆ ಅವಳು ತಿದ್ದಿದಳು. "ಕೊಳೆರೋಗದ್ದು ಫಂಗಸ್ ಅಲ್ಲ ಅಪ್ಪಾ. ಫೈಟೋಫ್ತೊರ ಅಂತ. ನೋಡಕ್ಕೆ ಮಾತ್ರ ಫಂಗಸ್ ಥರ. ವಂಶ ಬೇರೆ. ಸಮುದ್ರದ ಕಂದು ಪಾಚಿಗೆ ಹತ್ತಿರದ ನೆಂಟ." ಸೇಬಿನದ್ದು ನಿಜವಾದ ಫಂಗಸ್ಸಂತೆ. ಅಲ್ಲಿಗೆ ರೋಗಗಳೂ ಭಟ್ಟರ ಹಾಗೇ ಆಯಿತು, ಒಂದೇ ಹೆಸರಿನಲ್ಲಿ ಬೇರೆ ಬೇರೆ ಮನೆ.

ಇಂಥದ್ದಕ್ಕೇ ಅಂತ 2012ರಲ್ಲಿ ಆರ್ಕಿಡ್ ಎಂಬ ವ್ಯವಸ್ಥೆ ಬಂದಿದೆ. ಸಂಶೋಧಕರಿಗೆ ಒಬ್ಬೊಬ್ಬರಿಗೂ 16 ಅಂಕಿಯ ಸಂಖ್ಯೆ. ಅಂದರೆ ಸರ್ವೆ ನಂಬರ್. ನಾನು ಹಾಗಂದಾಗ ಅವಳು ನಕ್ಕಳು, ಆದರೆ ನನಗೆ ಅದು ಸರಿ ಕಂಡಿತು. ನಮ್ಮಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ಗದ್ದೆಗೆ ನಂಬರಿದೆ, ಗದ್ದೆ ಮಾಡಿದವನಿಗಿಲ್ಲ. ಬಿ.ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಅಚ್ಚು ಮಾಡಿಸಿದಾಗಲೂ ಕಲ್ಲಿಗೇ ನಂಬರ್ ಕೊಟ್ಟರು, ಸೊರಬ ಇಷ್ಟನೆಯದು, ಸಾಗರ ಇಷ್ಟನೆಯದು ಎಂದು. ಆ ಕಲ್ಲುಗಳಲ್ಲಿ ಸಾಲು ಸಾಲು ಗಾವುಂಡರು, ಪೆರ್ಗಡೆಗಳು. ಆಗ ಅದು ಹುದ್ದೆ. ಈಗ ಗೌಡ, ಹೆಗಡೆ. ಹೆಗಡೆ ಅಂದರೆ ಶಿರಸಿಯ ಹವ್ಯಕರೂ ಆಗಬಹುದು, ಕರಾವಳಿಯ ಬಂಟರೂ ಆಗಬಹುದು. ಪೇಪರಿನಲ್ಲಿ ಹೆಸರು ನೋಡಿ "ನಮ್ಮವರು" ಅಂತ ಖುಷಿಪಡುವವರು ಸ್ವಲ್ಪ ತಡೆದು ಖುಷಿಪಡುವುದು ಒಳ್ಳೆಯದು.

ಕಚೇರಿ ಮುಟ್ಟುವಾಗ ಮಳೆ ಹೊಯ್ಯುತ್ತಿತ್ತು. ಕರೆಂಟ್ ಇರಲಿಲ್ಲ. ರೆಕಾರ್ಡ್ ರೂಮಿನವರು ನನ್ನ ಮುಖ ನೋಡಿ ನೋಡಿ ಪರಿಚಯವಾಗಿದ್ದರು. ಕಿಟಕಿ ಪಕ್ಕದ ಮೇಜಿನ ಮೇಲೆ ಗಂಟು ಬಿಚ್ಚಿ, "ನಿಮ್ಮ ಸುಬ್ರಾಯ ಭಟ್ರು ಇದರಲ್ಲೂ ಇದಾರೆ ನೋಡಿ" ಎಂದರು.

ಅದು ಗಡಿ ತಕರಾರಿನ ಹೇಳಿಕೆ. ನೂರು ವರ್ಷದ ಹತ್ತಿರದ್ದು. ಮೇಲಿನ ತೋಟದ ಬಚ್ಚಲ ನೀರು ಕೆಳಗಿನ ತೋಟಕ್ಕೆ ಹರಿಯುವ ವಿಚಾರ. ಎರಡು ಹೇಳಿಕೆ, ಎರಡು ಹಿಸ್ಸಾ ನಂಬರ್. ಒಂದರ ಕೆಳಗೆ ಜಗಲಿಯಲ್ಲಿ ನಾನು ತೂಗುಹಾಕಿದ್ದ ಅದೇ ಸಹಿ, ಅದೇ ರಾವತ್ತು, ಅದೇ ಟ್ಟ ಒತ್ತಿನ ಬಾಲ ಸುತ್ತಿ ಹಿಂದಕ್ಕೆ ಹೋಗುವುದು. ಇನ್ನೊಂದರ ಕೆಳಗೆ ಬೇರೆಯವರ ಕೈಬರಹದಲ್ಲಿ "ಸುಬ್ರಾಯ ಭಟ್ಟ ಬಿನ್ ಗಣಪತಿ ಭಟ್ಟ, ಎಡಗೈ ಹೆಬ್ಬೆಟ್ಟಿನ ಗುರುತು." ಹೆಬ್ಬೆಟ್ಟಿನ ಶಾಯಿ ಜಾಸ್ತಿಯಾಗಿ ಗೆರೆ ಒಂದೂ ಕಾಣುವುದಿಲ್ಲ. ಒಂದು ಕರಿ ಅಡಿಕೆ ಇಟ್ಟ ಹಾಗಿದೆ.

ನಾನು ಹಿಸ್ಸಾ ನಂಬರ್ ನೋಡಿದೆ. ಚೀಲದಿಂದ ನಮ್ಮ ಪಹಣಿ ತೆಗೆದು ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಹೆಬ್ಬೆಟ್ಟು ನಮ್ಮದು.

"ಖಾತೆ ಕೆಲಸಕ್ಕೆ ಇದೇ ಬೇಕಾದ ಪ್ರತಿ, ಸಿಕ್ತಲ್ಲ ಬಿಡಿ" ಎಂದು ರೆಕಾರ್ಡ್ ರೂಮಿನವರು ನನ್ನ ಪರವಾಗಿ ಸಂತೋಷಪಟ್ಟರು. ಮಗಳು ಆಚೆ ತಿರುಗಿಕೊಂಡಿದ್ದಳು. ಹೆಗಲು ಅಲುಗುತ್ತಿತ್ತು. ಹೊರಗೆ ಬಂದ ಮೇಲೆ ಜೋರಾಗಿಯೇ ನಕ್ಕಳು. "ಗೂಗಲ್ ನಂಗೆ ಸೇಬು ಕೊಡ್ತು. ನೀನು ಮುತ್ತಜ್ಜಂಗೆ ಪುಸ್ತಕಾನೇ ಕೊಟ್ಟುಬಿಟ್ಯಲ್ಲ ಅಪ್ಪಾ!"

ಆದರೂ ಕೆಳದಿಗೆ ಹೋದೆವು, ಹೊರಟದ್ದಾಗಿತ್ತು ಅಂತ. ಮ್ಯೂಸಿಯಂ ಬಾಗಿಲವರೆಗೆ ಪುಸ್ತಕ ಹಿಡಿದುಕೊಂಡು ಹೋಗಿ ತಿರುಗಿ ಬಂದೆ. ಬರೆದವರು ಯಾರು ಎಂದು ಕೇಳುತ್ತಾರೆ, ಏನು ಹೇಳಲಿ? ರಾಮೇಶ್ವರ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಕವಳ ಹಾಕಿದೆ. ಕೆಳದಿ ಅರಸರದ್ದೂ ಇದೇ ಪಾಡಲ್ಲವೇ ಅನ್ನಿಸಿತು. ಇಬ್ಬರು ಸಂಕಣ್ಣ ನಾಯಕರು, ಒಬ್ಬರು ದೊಡ್ಡ, ಒಬ್ಬರು ಚಿಕ್ಕ. ಇಬ್ಬರು ಸೋಮಶೇಖರ ನಾಯಕರು. ಮೊದಲು ಪಟ್ಟಕ್ಕೆ ಬಂದವನು ಚೆನ್ನಮ್ಮಾಜಿಯ ಗಂಡ, 1714ರಲ್ಲಿ ಬಂದವನು ಬೇರೆ. ಬಸವಪ್ಪಂದಿರಲ್ಲಿ ಒಬ್ಬ ಹಿರಿಯ ಬಸವಪ್ಪ, ಇನ್ನೊಬ್ಬ ಬುದ್ಧಿ ಬಸವಪ್ಪ. ಊರಿನವರು ನಿತ್ಯದ ಮಾತಿನಲ್ಲಿ ಕರೆಯುವುದನ್ನೇ ಚರಿತ್ರೆಯವರೂ ಬರೆದುಕೊಂಡರು, ಹಾಗಾಗಿ ಉಳಿದರು. ನಮ್ಮ ಕಂದಾಯದವರು ಭಟ್ಟ ಬರೆದರು, ಬಿನ್ ಬರೆದರು. ಮೇಲಿನಮನೆ, ಕೆಳಗಿನಮನೆ ಎಂದು ಬರೆಯಲಿಲ್ಲ. ಊರಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಅದೊಂದೇ.

ಹಿಂದೆ ನಮ್ಮ ಕಡೆ ಹೆಸರಿನ ಮುಂದೆ ಊರು ಇರುತ್ತಿತ್ತು. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ. ಕುಂಟಗೋಡು ವಿಭೂತಿ ಸುಬ್ಬಣ್ಣ. ಅಡ್ಡಹೆಸರೇ ಇಲ್ಲ, ಆದರೂ ಅಡ್ರೆಸ್ ಸಮೇತ ಮನುಷ್ಯ. ಪಾಸ್‌ಪೋರ್ಟಿನವರು ಸರ್‌ನೇಮ್ ಕೇಳಲು ಶುರು ಮಾಡಿದ ಮೇಲೆ ಊರು ಬಿದ್ದುಹೋಗಿ ಜಾತಿ ಉಳಿಯಿತು. ನನಗಂತೂ ಇದು ನಷ್ಟದ ವ್ಯಾಪಾರ ಅನ್ನಿಸುತ್ತದೆ.

ಸಂಜೆ ಮನೆಗೆ ಬಂದು ಅತ್ತೆಗೆ ಹೇಳಿದೆ. ಅಪ್ಪನ ಅಕ್ಕ, 84 ವರ್ಷ. ಒಲೆ ಮುಂದೆ ಕೂತು ಹಲಸಿನ ಬೇಳೆ ಸುಡುತ್ತಿದ್ದಳು.

"ಎಂತದಾ ಮಾಣಿ, ಅಜ್ಜಂಗೆ ಎಲ್ಲಿ ಬರೆಯಕ್ಕೆ ಬರ್ತಿತ್ತು? ರುದ್ರ ಚಮಕ ಎಲ್ಲ ಬಾಯಲ್ಲೇ. ಅಕ್ಷರ ಇಲ್ಲ. ಆ ಪುಸ್ತಕ ಕೆಳಗಿನಮನೇದು. ಒಂದ್ಸಲ ದನಕ್ಕೆಲ್ಲ ಕಾಯಿಲೆ ಬಂದಾಗ ತಂದದ್ದು. ನನ್ನಪ್ಪನ್ನ ಕೂರಿಸಿ ಓದಿಸ್ತಿದ್ರು."

"ಮತ್ತೆ ವಾಪಸ್ ಕೊಡಲಿಲ್ವಾ?"

"ಅವರು ಕೇಳಲಿಲ್ಲ, ನಾವು ಕೊಡಲಿಲ್ಲ."

"ಗೋಡೆ ಮೇಲೆ ಸಹಿ ಹಾಕಿದಾಗ ಹೇಳಬಾರದಿತ್ತಾ ಅತ್ತೆ?"

"ನೀ ಯಾರದ್ದು ಅಂತ ನನ್ನ ಕೇಳಿದ್ಯಾ? ಯಾವುದೋ ಸಾಹೇಬ್ರ ಸಹಿ ಅಂತ ಮಾಡಿದ್ದೆ" ಎಂದು ಇಕ್ಕುಳದಲ್ಲಿ ಒಂದು ಬೇಳೆ ಈಚೆ ಎಳೆದು ನನ್ನ ಮುಂದೆ ಹಾಕಿದಳು.

ರಾತ್ರಿ ಮಗಳು ಲ್ಯಾಪ್‌ಟಾಪ್ ತೆಗೆದು ಆ ಹನ್ನೊಂದು ಸೇಬಿನ ಪ್ರಬಂಧಗಳನ್ನು ಒಂದೊಂದಾಗಿ ತೆಗೆದುಹಾಕಿದಳು. ಎರಡೇ ಉಳಿದವು. ಅವಳ ಉಲ್ಲೇಖದ ಪಟ್ಟಿಯಲ್ಲಿ ಲೆಸ್ಲಿ ಕೋಲ್ಮನ್ ಇದ್ದಾರೆ. ಕೆನಡಾದಿಂದ ಮೈಸೂರಿಗೆ ಬಂದು 1910ರಲ್ಲೇ ಕೊಳೆರೋಗದ ಮೇಲೆ ಬರೆದವರು. ಇವತ್ತಿಗೂ ನಾವು ಮೈಲುತುತ್ತ, ಸುಣ್ಣ ಕಲಸಿ ಅಡಿಕೆ ಕೊನೆಗೆ ಹೊಡೆಯುವುದರ ಹಿಂದೆ ಅವರಿದ್ದಾರೆ. "ಇವರ ವಿಷಯದಲ್ಲಿ ಗೊಂದಲ ಇಲ್ಲ, ಅಡಿಕೆಗೆ ಒಬ್ಬರೇ ಕೋಲ್ಮನ್" ಎಂದಳು. ಅವರ ಊರಿನಲ್ಲಿ ಎಷ್ಟು ಮನೆ ಕೋಲ್ಮನ್‌ಗಳಿದ್ದರೋ.

ನಾನು ಗೋಡೆಯ ಕಟ್ಟು ಇಳಿಸಿದೆ. ಮೊಳೆ ಹಾಗೇ ಇದೆ. ಪುಸ್ತಕದೊಳಗೆ ಒಂದು ಚೀಟಿ ಇಟ್ಟೆ: "ಸುಬ್ರಾಯ ಭಟ್ಟ ಬಿನ್ ಗಣಪತಿ ಭಟ್ಟ, ಕೆಳಗಿನಮನೆ." ಈಗಿನ ಕೆಳಗಿನಮನೆಯ ಮೊಮ್ಮಗ ಬೆಂಗಳೂರಿನಲ್ಲಿದ್ದಾನೆ. ಪದ್ಧತಿಯಂತೆ ಅವನೂ ಸುಬ್ರಾಯನೇ. ವಾಪಸ್ ಕೊಡುವುದು ಹೇಗಿದ್ದರೂ ಕೊಡಬೇಕು, ಇವತ್ತೇ ಹೇಳಿಬಿಡೋಣ ಎಂದು ಫೋನ್ ಮಾಡಿದೆ. ಸಹಿ, ಹೆಬ್ಬೆಟ್ಟು, ದನದ ಕಾಯಿಲೆ, ನಮ್ಮ ಮನೆಯವರು ಮಾಡಿದ ತಪ್ಪು, ಎಲ್ಲ ಹತ್ತು ನಿಮಿಷ ಹೇಳಿದೆ. ಆ ಕಡೆಯಿಂದ ಹೂಂ, ಹೂಂ ಎಂದು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು.

ಕೊನೆಗೆ ಅವರು, "ಭಟ್ರೇ, ಎಲ್ಲ ಸರಿ, ನಾನು ಅಡಿಕೆ ಮಂಡಿ ಸುಬ್ರಾಯ ಮಾತಾಡ್ತಿರೋದು. ನಿಮ್ಮ ಚಾಲಿ ಅಡಿಕೆ ಯಾವಾಗ ಕಳಿಸ್ತೀರಿ?" ಎಂದರು.